ಬೆಂಕಿಯಿಲ್ಲದ ಒಲೆಯೂ ಅದರ ಎಚ್ಚರಿಕೆಯೂ

ನಮ್ಮ ನಾಡಿನ ಅಡಿಗೆಯ ಮನೆಯಲ್ಲಿ ಒಲೆಯು ಕಾಲಕಾಲಕ್ಕೆ ಹಲವು ರೂಪಗಳನ್ನು ತಾಳಿರುವುದು. ಮಣ್ಣಿನ ಸೌದೆಯೊಲೆ, ಇದ್ದಲಿನ ಅಗ್ಗಿಷ್ಟಿಕೆ, ಸೀಮೆಯೆಣ್ಣೆಯ ಸ್ಟೌ, ಅನಿಲದ ಒಲೆ ಇವು ಒಂದರ ತರುವಾಯ ಒಂದು ಬಂದುವು. ಈಗ ಅನೇಕ ಮನೆಗಳಲ್ಲಿ ಇವುಗಳ ಪಕ್ಕದಲ್ಲಿ ಇಂಡಕ್ಷನ್ ಒಲೆ ಎಂಬುದೂ ಬಂದು ಕುಳಿತಿದೆ. ಇದರಲ್ಲಿ ಜ್ವಾಲೆಯಿಲ್ಲ, ಹೊಗೆಯಿಲ್ಲ, ಮಸಿಯಿಲ್ಲ. ಹಿಡಿದು ತಿರುಗಿಸುವ ಕಿವಿಯೂ ಇಲ್ಲ. ನುಣುಪಾದ ಗಾಜಿನ ಮೇಲೆ ಬೆರಳನ್ನಿಟ್ಟರೆ ಒಲೆಯು ಹತ್ತುವುದು, ಮತ್ತೊಮ್ಮೆ ಇಟ್ಟರೆ ಆರುವುದು. ಇಷ್ಟು ವಿಧೇಯವಾದ ಒಲೆಯು ಒಂದು ದಿನ ಅಡಿಗೆಯ ನಡುವೆ ಕೀಂಕೀಂ ಎಂದು ಕೂಗಿ, ಒಂದು ಅಕ್ಷರವನ್ನೂ ಒಂದು ಅಂಕಿಯನ್ನೂ ತನ್ನ ಹಣೆಯ ಮೇಲೆ ತೋರಿಸಿ, ಕೆಲಸವನ್ನು ನಿಲ್ಲಿಸಿಬಿಡುವುದುಂಟು. "ನನಗೆ ಬಿಸಿ ಮಿತಿಮೀರಿದೆ" ಎಂಬುದೇ ಬಹಳ ಸಲ ಆ ಗುರುತಿನ ಅರ್ಥವು.

ಆಗ ಮನೆಯಲ್ಲಿ ನಡೆಯುವುದನ್ನು ನಾವೆಲ್ಲರೂ ಬಲ್ಲೆವು. ಒಬ್ಬರು ಗಾಜನ್ನು ಮತ್ತೆ ಮತ್ತೆ ಒತ್ತುವರು. ಒಬ್ಬರು ಪ್ಲಗ್ಗನ್ನು ಕಿತ್ತು ತಿರುಗಿ ಚುಚ್ಚುವರು. ಇನ್ನೊಬ್ಬರು "ನೀನೇ ಕೆಡಿಸಿದೆ" ಎಂದು ಅಡಿಗೆ ಮಾಡುತ್ತಿದ್ದವಳನ್ನು ಗದರಿಸುವರು. ಕಡೆಗೆ ಒಲೆಯು ಅಂಗಡಿಗೆ ಹೋಗುವುದು, ಹಣವು ಖರ್ಚಾಗುವುದು, ಕಾರಣವು ಮಾತ್ರ ಯಾರಿಗೂ ತಿಳಿಯದೆ ಉಳಿಯುವುದು. ಆ ಎಚ್ಚರಿಕೆಯು ಏತಕ್ಕೆ ಬರುತ್ತದೆ, ಬಂದಾಗ ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರಿಗೂ, ಈಗ ಗೃಹಿಣಿಯರಾಗಿಯೂ ಉದ್ಯೋಗಸ್ಥರಾಗಿಯೂ ಇರುವ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಈ ಒಲೆಯು ಹೇಗೆ ಕೆಲಸ ಮಾಡುವುದೆಂಬುದನ್ನು ಅರಿಯಬೇಕು. 1831ನೆಯ ಇಸವಿಯಲ್ಲಿ ಲಂಡನ್ ನಗರದ ಮೈಕೇಲ್ ಫ್ಯಾರಡೇ ಎಂಬ ವಿಜ್ಞಾನಿಯು ಅಯಸ್ಕಾಂತದ ಪ್ರಭಾವವು ಬದಲಾಗುವೆಡೆಯಲ್ಲಿರುವ ತಂತಿಯೊಳಗೆ ವಿದ್ಯುತ್ತು ತಾನಾಗಿಯೇ ಹುಟ್ಟುವುದೆಂದು ಕಂಡುಹಿಡಿದನು. ಈತನು ಕಮ್ಮಾರನ ಮಗನು. ಎಳೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದು, ಕಟ್ಟುತ್ತಿದ್ದ ಪುಸ್ತಕಗಳನ್ನೇ ಓದಿ ವಿದ್ಯೆಯನ್ನು ಸಂಪಾದಿಸಿದವನು. ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ ಕಡೆಯವರೆಗೂ ನಿಷ್ಠೆಯಿಂದ ನಡೆದುಕೊಂಡ ಭಕ್ತನು. ತರುವಾಯ 1855ರಲ್ಲಿ ಫ್ರಾನ್ಸ್ ದೇಶದ ಲೇಯೊನ್ ಫೂಕೋ ಎಂಬವನು, ಅದೇ ತತ್ತ್ವದಿಂದ ಗಟ್ಟಿಯಾದ ಲೋಹದ ತಟ್ಟೆಯೊಳಗೆ ವಿದ್ಯುತ್ತು ಸುಳಿಸುಳಿಯಾಗಿ ಹರಿದು ಆ ಲೋಹವನ್ನು ಬಿಸಿಮಾಡುವುದನ್ನು ತೋರಿಸಿದನು. ನಮ್ಮ ಒಲೆಯು ಈ ಇಬ್ಬರ ಜ್ಞಾನದ ಫಲವೇ.

ಒಲೆಯ ಗಾಜಿನ ಕೆಳಗೆ ತಾಮ್ರದ ತಂತಿಯ ಚಪ್ಪಟೆಯಾದ ಸುರುಳಿಯೊಂದಿರುವುದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಕ್ಷಣಕ್ಕೆ 50 ಸಲ ಹಿಂದುಮುಂದಾಗಿ ತೂಗುತ್ತಿರುತ್ತದೆ. ಒಲೆಯೊಳಗಿನ ಯಂತ್ರವು ಅದನ್ನು ಕ್ಷಣಕ್ಕೆ 20,000ಕ್ಕಿಂತಲೂ ಹೆಚ್ಚು ಸಲ ತೂಗುವಂತೆ ಮಾರ್ಪಡಿಸಿ ಸುರುಳಿಗೆ ಕಳುಹಿಸುವುದು. ಆಗ ಸುರುಳಿಯ ಮೇಲೆ ಅಷ್ಟೇ ವೇಗದಿಂದ ಬದಲಾಗುವ ಅಯಸ್ಕಾಂತ ಪ್ರಭಾವವು ಹುಟ್ಟಿ, ಗಾಜನ್ನು ದಾಟಿ, ಪಾತ್ರೆಯ ತಳಕ್ಕೆ ತಗಲುವುದು. ಕಬ್ಬಿಣದ ಇಲ್ಲವೆ ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ತಳದಲ್ಲಿ ವಿದ್ಯುತ್ತಿನ ಸುಳಿಗಳೆದ್ದು ತಳವೇ ಕಾಯುವುದು. ಗಾಜು ಕಾಯುವುದು ಪಾತ್ರೆಯ ಸೋಂಕಿನಿಂದಲ್ಲದೆ ತನ್ನಿಂದ ತಾನಲ್ಲ. ಆದಕಾರಣ ಈ ಒಲೆಯಲ್ಲಿ ನಿಜವಾದ ಒಲೆಯೆಂದರೆ ಪಾತ್ರೆಯೇ ಎಂದು ಹೇಳಬಹುದು. ಮಣ್ಣು, ಹಿತ್ತಾಳೆ, ತಾಮ್ರ, ಬರಿಯ ಅಲ್ಯುಮಿನಿಯಂ ಇವುಗಳ ಪಾತ್ರೆಗಳು ಸಾಮಾನ್ಯವಾದ ಇಂಡಕ್ಷನ್ ಒಲೆಯ ಮೇಲೆ ಕಾಯದಿರುವುದಕ್ಕೂ ಇದೇ ಕಾರಣ.

ಹೀಗಿದ್ದರೂ ಒಲೆಯ ಹೊಟ್ಟೆಯೊಳಗೂ ಬಿಸಿಯು ಹುಟ್ಟದೆ ಇರದು. ಸುರುಳಿಯೂ ಕಾಯುವುದು, ವಿದ್ಯುತ್ತನ್ನು ಅಷ್ಟು ವೇಗದಿಂದ ಹಚ್ಚಿ ಆರಿಸುವ ಚಿಕ್ಕ ಉಪಕರಣವೂ ಕಾಯುವುದು. ಆ ಉಪಕರಣವನ್ನು ರೆಕ್ಕೆ ರೆಕ್ಕೆಯಾಗಿ ಸೀಳಿದ ಅಲ್ಯುಮಿನಿಯಂ ತುಂಡೊಂದಕ್ಕೆ ಬಿಗಿದು, ಅದರ ಮೇಲೆ ಸಣ್ಣ ಫ್ಯಾನಿನಿಂದ ಗಾಳಿಯನ್ನು ಬೀಸುವಂತೆ ಮಾಡಿರುತ್ತಾರೆ. ಒಲೆಯ ತಳದ ಕಂಡಿಗಳಿಂದ ತಣ್ಣನೆಯ ಗಾಳಿಯು ಒಳಹೊಕ್ಕು, ಹಿಂದಿನ ಇಲ್ಲವೆ ಪಕ್ಕದ ಕಂಡಿಗಳಿಂದ ಬಿಸಿಯಾಗಿ ಹೊರಡುವುದು.

ಇವೆಲ್ಲದರ ಮೇಲೆ ಇಬ್ಬರು ಕಾವಲುಗಾರರು ಇರುವರೆಂದು ತಿಳಿಯಿರಿ. ಬಿಸಿಯು ಏರಿದಂತೆಲ್ಲ ವಿದ್ಯುತ್ತಿಗೆ ಒಡ್ಡುವ ತಡೆಯು ಕುಗ್ಗುವ ಥರ್ಮಿಸ್ಟರ್ ಎಂಬ ಕಾಳಿನಷ್ಟು ಚಿಕ್ಕ ವಸ್ತುವೇ ಈ ಕಾವಲುಗಾರನು. ಒಬ್ಬನು ಸುರುಳಿಯ ನಡುವೆ ಗಾಜಿನ ಅಡಿಗೆ ಒತ್ತಿಕೊಂಡಿದ್ದು ಪಾತ್ರೆಯ ಬಿಸಿಯನ್ನು ಗಾಜಿನ ಮೂಲಕ ಅರಿಯುವನು. ಮತ್ತೊಬ್ಬನು ಅಲ್ಯುಮಿನಿಯಂ ರೆಕ್ಕೆಗಳ ಬಳಿಯಲ್ಲಿದ್ದು ಯಂತ್ರದ ಬಿಸಿಯನ್ನು ಅರಿಯುವನು. ಇವರಲ್ಲಿ ಯಾರೊಬ್ಬರು ಕೂಗಿದರೂ ಒಲೆಯು ನಿಲ್ಲುವುದು. ಆದುದರಿಂದ ಎಚ್ಚರಿಕೆಯು ಬಂದಾಗ ನಾವು ಕೇಳಬೇಕಾದ ಪ್ರಶ್ನೆಯು "ಒಲೆಯು ಕೆಟ್ಟಿತೇ?" ಎಂಬುದಲ್ಲ, "ಕೂಗಿದವನು ಯಾರು, ಅವನು ಕಂಡದ್ದೇನು?" ಎಂಬುದೇ.

ಯಾವ ಅಂಕಿಗೆ ಯಾವ ಅರ್ಥವೆಂಬುದು ಎಲ್ಲ ಒಲೆಗಳಲ್ಲಿಯೂ ಒಂದೇ ಸಮನಾಗಿಲ್ಲ. ಒಬ್ಬ ತಯಾರಕನ "ಇ-3" ಬಿಸಿಯನ್ನು ಸೂಚಿಸಿದರೆ ಮತ್ತೊಬ್ಬನ "ಇ-3" ವಿದ್ಯುತ್ತಿನ ಒತ್ತಡವು ಹೆಚ್ಚು ಕಡಿಮೆಯಾದುದನ್ನು ಸೂಚಿಸಬಹುದು. ಆದಕಾರಣ ಒಲೆಯ ಜೊತೆಯಲ್ಲಿ ಬಂದ ಕೈಪಿಡಿಯನ್ನು ಎಸೆಯದೆ ಇಟ್ಟುಕೊಂಡಿರಬೇಕು.

ಎಚ್ಚರಿಕೆಯು ಬಂದ ಕೂಡಲೆ ಮಾಡತಕ್ಕದ್ದು ಇಷ್ಟು: ಪಾತ್ರೆಯನ್ನು ಒಲೆಯಿಂದ ಇಳಿಸಿರಿ. ಬೆರಳಿನಿಂದ ಒಲೆಯನ್ನು ಆರಿಸಿರಿ; ಆದರೆ ಪ್ಲಗ್ಗನ್ನು ಕೂಡಲೆ ಕೀಳಬೇಡಿರಿ. ಏಕೆಂದರೆ ಬಹುತೇಕ ಒಲೆಗಳಲ್ಲಿ ಆರಿಸಿದ ಮೇಲೂ ಫ್ಯಾನು ಕೆಲವು ನಿಮಿಷ ತಿರುಗುತ್ತಾ ಒಳಗಣ ಬಿಸಿಯನ್ನು ಹೊರದೂಡುತ್ತಿರುವುದು. ಪ್ಲಗ್ಗನ್ನು ಕಿತ್ತರೆ ಆ ಉಪಕಾರವು ತಪ್ಪಿಹೋಗುವುದು. ಗಾಜಿನ ಮೇಲೆ ತಣ್ಣೀರನ್ನು ಸುರಿಯಬೇಡಿರಿ. ಹದಿನೈದು ಇಪ್ಪತ್ತು ನಿಮಿಷ ಕಾದಿರಿ. ಬಾಣಲೆಯ ಎಣ್ಣೆಯು ಹೊಗೆಯಾಡುತ್ತಿದ್ದರೆ ಒಲೆಯನ್ನು ಆರಿಸಿ ಬಾಣಲೆಯ ಮೇಲೆ ಮುಚ್ಚಳವನ್ನು ಮುಚ್ಚಿರಿ. ಅದನ್ನು ಕೈಯಲ್ಲಿ ಹಿಡಿದು ಓಡಾಡಬಾರದು, ಅದಕ್ಕೆ ನೀರನ್ನು ಎಂದಿಗೂ ಹಾಕಬಾರದು. ಆದರೆ ಒಲೆಯೊಳಗಿನಿಂದ ಸುಟ್ಟ ವಾಸನೆ ಬಂದರೆ, ಕಿಡಿಯು ಹಾರಿದರೆ, ಇಲ್ಲವೆ ಗಾಜು ಬಿರುಕುಬಿಟ್ಟಿದ್ದರೆ ಕಾಯುವ ಮಾತೇ ಇಲ್ಲ. ಗೋಡೆಯ ಸ್ವಿಚ್ಚನ್ನು ಆ ಕ್ಷಣದಲ್ಲಿಯೇ ಆರಿಸಿ, ದುರಸ್ತಿಯಾಗುವ ತನಕ ಒಲೆಯನ್ನು ಮುಟ್ಟಬಾರದು.

ಒಲೆಯು ತಣಿದ ಮೇಲೆ ಕಾರಣವನ್ನು ಹುಡುಕೋಣ. ಇದಕ್ಕೆ ಉಪಕರಣವೇನೂ ಬೇಡ, ಗಡಿಯಾರವೊಂದಿದ್ದರೆ ಸಾಕು. ಹಚ್ಚಿದ ಎಷ್ಟು ಹೊತ್ತಿಗೆ ಎಚ್ಚರಿಕೆಯು ಬಂದಿತೆಂಬುದೇ ಮುಖ್ಯವಾದ ಸಾಕ್ಷಿಯು.

ಹಚ್ಚಿದ ಎರಡು ಮೂರು ನಿಮಿಷಗಳೊಳಗಾಗಿ ಬಂದರೆ ಸಾಮಾನ್ಯವಾಗಿ ಪಾತ್ರೆಯೇ ಕಾರಣವು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖದಲ್ಲಿ ಸುಮಾರು ಒಂಬತ್ತನೆಯ ಒಂದು ಪಾಲು ಒಂದು ಕಿಲೋಗ್ರಾಂ ಕಬ್ಬಿಣಕ್ಕೆ ಸಾಕು. 2000 ವಾಟಿನ ಪೂರ್ಣ ಬಲದಲ್ಲಿ ಇಟ್ಟ ಒಂದು ಕಿಲೋಗ್ರಾಂ ತೂಕದ ಬರಿದಾದ ಕಾವಲಿಯು ಸುಮಾರು ಒಂದು ನಿಮಿಷದಲ್ಲಿಯೇ 200 ಡಿಗ್ರಿಯನ್ನು ದಾಟಬಲ್ಲುದು. ಸೌದೆಯೊಲೆಯ ಮೇಲೆ ಕಾವಲಿಯನ್ನು ಕಾಯಲಿಟ್ಟು ಹಿಟ್ಟನ್ನು ಕಲಸಲು ಹೋಗುತ್ತಿದ್ದ ನಮ್ಮ ತಾಯಂದಿರ ರೂಢಿಯು ಇಲ್ಲಿ ಸಲ್ಲದು. ಕಾವಲಿಯನ್ನು ನಡುಬಲದಲ್ಲಿ ಕಾಯಿಸಿ, ಹಿಟ್ಟನ್ನು ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಒಗ್ಗರಣೆಗೂ ಪೂರ್ಣ ಬಲವು ಬೇಡ.

ಪಾತ್ರೆಯಲ್ಲಿ ಪದಾರ್ಥವಿದ್ದ ಮಾತ್ರಕ್ಕೆ ತಳವು ತಂಪಾಗಿರುವುದೆಂದು ನಂಬಬೇಡಿರಿ. ತಿಳಿಸಾರಿನಲ್ಲಿ ಕೆಳಗಿನ ಬಿಸಿನೀರು ಮೇಲಕ್ಕೂ ಮೇಲಿನ ತಣ್ಣೀರು ಕೆಳಕ್ಕೂ ಸುತ್ತಾಡುತ್ತಾ ಶಾಖವನ್ನು ಹಂಚುವುದು. ಬಿಸಿಬೇಳೆ ಭಾತು, ರಾಗಿಯ ಮುದ್ದೆ, ಪಾಯಸ, ಕೇಸರಿಭಾತು ಮುಂತಾದ ದಪ್ಪನೆಯ ಪದಾರ್ಥಗಳಲ್ಲಿ ಆ ಸುತ್ತಾಟವಿಲ್ಲ. ತಳವು ಹಿಡಿಯುವುದು, ಸೀದ ಪದರವು ಶಾಖವನ್ನು ಮೇಲಕ್ಕೆ ಬಿಡದು, ಲೋಹವೂ ಗಾಜೂ ಮತ್ತಷ್ಟು ಕಾಯುವುವು. ಕೈಯಾಡಿಸುತ್ತಾ ಸಣ್ಣ ಬಲದಲ್ಲಿ ಬೇಯಿಸುವುದೇ ಇದಕ್ಕೆ ಮದ್ದು. ಪಾತ್ರೆಯ ತಳವು ಉಬ್ಬಿದೆಯೋ ಎಂಬುದನ್ನೂ ನೋಡಬೇಕು. ಶಾಲೆಯ ಅಳತೆಪಟ್ಟಿಯನ್ನು ಬೋರಲು ಹಾಕಿದ ಪಾತ್ರೆಯ ತಳಕ್ಕೆ ಅಡ್ಡಲಾಗಿಟ್ಟರೆ ಉಬ್ಬು ತಗ್ಗುಗಳು ಕಾಣುವುವು. ತಳವು ಗಾಜಿಗೆ ಸಮನಾಗಿ ಕೂಡದಿದ್ದರೆ ಗಾಜಿನ ಕೆಳಗಣ ಕಾವಲುಗಾರನಿಗೆ ಪಾತ್ರೆಯ ನಿಜವಾದ ಬಿಸಿಯು ತಡವಾಗಿ ತಿಳಿಯುವುದು. ಅಷ್ಟರಲ್ಲಿ ಎಣ್ಣೆಯು ಹೊಗೆಯಾಡುತ್ತಿರಬಹುದು. ಅಂಥ ಪಾತ್ರೆಯನ್ನು ಅನಿಲದ ಒಲೆಗೆ ಕೊಟ್ಟುಬಿಡುವುದು ಒಳ್ಳೆಯದು.

ಇಪ್ಪತ್ತು ಮೂವತ್ತು ನಿಮಿಷಗಳ ತರುವಾಯ, ಪಾತ್ರೆಯಲ್ಲಿ ನೀರಿದ್ದಾಗಲೂ ಎಚ್ಚರಿಕೆಯು ಬಂದರೆ ಸಂದೇಹವು ಎರಡನೆಯ ಕಾವಲುಗಾರನ ಕಡೆಗೆ ತಿರುಗಬೇಕು. ಒಲೆಗೆ ಉಸಿರು ಕಟ್ಟಿದೆಯೆಂದು ಅರ್ಥ. ನಮ್ಮ ಮನೆಗಳಲ್ಲಿ ಒಲೆಯ ಕೆಳಗೆ ಹಳೆಯ ಪತ್ರಿಕೆಯನ್ನೋ ಮೇಜಿನ ಬಟ್ಟೆಯನ್ನೋ ಹಾಸುವ ಚಪಲವುಂಟು. ಅದು ಗಾಳಿಗೆ ತೇಲಿ ತಳದ ಕಂಡಿಗಳನ್ನು ಮುಚ್ಚುವುದು. ಒಲೆಯ ಬೆನ್ನನ್ನು ಗೋಡೆಗೆ ಆನಿಸಿಟ್ಟರೆ ಹೊರಟ ಬಿಸಿಗಾಳಿಯೇ ಸುತ್ತಿ ಬಂದು ಮತ್ತೆ ಒಳಹೊಗುವುದು. ಪಕ್ಕದಲ್ಲಿ ಅನಿಲದ ಒಲೆಯು ಉರಿಯುತ್ತಿದ್ದರೆ ಅದರ ಶಾಖವನ್ನೂ ಇದು ನುಂಗಬೇಕಾಗುವುದು. ಆದುದರಿಂದ ಗಟ್ಟಿಯಾದ ಬರಿಯ ಹಲಗೆಯ ಇಲ್ಲವೆ ಕಲ್ಲಿನ ಮೇಲೆ, ಸುತ್ತಲೂ ಕನಿಷ್ಠ ಒಂದು ಗೇಣು ತೆರಪು ಬಿಟ್ಟು, ಒಲೆಯನ್ನು ಇಡತಕ್ಕದ್ದು.

ಫ್ಯಾನು ತಿರುಗುತ್ತಿರುವುದೋ ಇಲ್ಲವೋ ಎಂದು ತಿಳಿಯಲು ಗಾಳಿ ಹೊರಡುವ ಕಂಡಿಯ ಮುಂದೆ ತೆಳ್ಳನೆಯ ಕಾಗದದ ಚೂರೊಂದನ್ನು ಹಿಡಿಯಿರಿ. ಅದು ಚೆನ್ನಾಗಿ ಬಡಿದಾಡಿದರೆ ಫ್ಯಾನು ಕ್ಷೇಮವಾಗಿದೆ. ಅಲುಗಾಡದಿದ್ದರೆ ಇಲ್ಲವೆ ಕರಕರ ಶಬ್ದವು ಕೇಳಿಬಂದರೆ ಎಣ್ಣೆಯ ಜಿಗುಟೂ ಹಿಟ್ಟಿನ ಧೂಳೂ ಅದರ ರೆಕ್ಕೆಗಳನ್ನು ಹಿಡಿದಿರಬಹುದು. ಪ್ಲಗ್ಗನ್ನು ತೆಗೆದು, ಒಲೆಯು ಪೂರ್ತಿಯಾಗಿ ತಣಿದ ಮೇಲೆ, ಹೊರಗಣ ಕಂಡಿಗಳನ್ನು ಒಣಗಿದ ಮೆತ್ತನೆಯ ಕುಂಚದಿಂದ ಗುಡಿಸಬಹುದು. ನೀರನ್ನು ಮಾತ್ರ ಸೋಕಿಸಕೂಡದು. ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾಯಚೂರು, ಕಲಬುರಗಿಗಳ ಕಡೆ ಬೇಸಗೆಯಲ್ಲಿ ಹೊರಗಣ ಗಾಳಿಯೇ 40 ಡಿಗ್ರಿಯನ್ನು ಮೀರುವುದುಂಟು. ಅಂಥ ಗಾಳಿಯಿಂದ ಫ್ಯಾನು ಎಷ್ಟನ್ನು ತಾನೆ ತಣಿಸೀತು? ಮಡಿಕೇರಿಯ ಮಳೆಗಾಲದಲ್ಲಿ ಒಂದು ಗಂಟೆ ದುಡಿಯುವ ಒಲೆಯು ಅಲ್ಲಿ ಅರ್ಧ ಗಂಟೆಗೇ ವಿಶ್ರಾಂತಿಯನ್ನು ಬೇಡಿದರೆ ಅದು ಸೋಮಾರಿತನವಲ್ಲ.

ಇನ್ನು, ರಾತ್ರಿಯೆಲ್ಲಾ ಆರಿದ್ದ ಒಲೆಯು ಮುಂಜಾನೆ ಹಚ್ಚಿದ ಕೂಡಲೆ "ಬಿಸಿ ಮೀರಿದೆ" ಎಂದು ಕೂಗಿದರೆ ಏನೆನ್ನಬೇಕು? ಅಲ್ಲಿ ಬಿಸಿಯೇ ಇಲ್ಲ, ಸಾಕ್ಷಿಯು ಸುಳ್ಳಾಗಿದೆ. ಬಿಸಿ ಏರಿದಂತೆ ಥರ್ಮಿಸ್ಟರಿನ ತಡೆಯು ಕುಗ್ಗುವುದೆಂದು ಮೇಲೆ ಹೇಳಿದೆವಷ್ಟೆ. ಅದರ ಎರಡು ತಂತಿಗಳು ಎಲ್ಲಿಯಾದರೂ ಒಂದಕ್ಕೊಂದು ತಗಲಿದರೆ ತಡೆಯು ಇಲ್ಲದಂತಾಗಿ, ಒಲೆಯು ಅದನ್ನು ಅತಿಯಾದ ಬಿಸಿಯೆಂದು ಎಣಿಸುವುದು. ತಂತಿಯು ಕಡಿದುಹೋದರೆ ಲೆಕ್ಕಕ್ಕೆ ಸಿಗದ ಅಳತೆಯು ಬಂದು ಅದಕ್ಕೂ ಒಲೆಯು ಕೆಲಸ ಮಾಡಲೊಲ್ಲದು. ಬೆಚ್ಚನೆಯ ತಾವನ್ನು ಹುಡುಕಿಕೊಂಡು ಒಳಸೇರಿದ ಜಿರಲೆಗಳೂ ಈ ಅನರ್ಥವನ್ನು ಮಾಡುವುದುಂಟು. ಇದು ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ. ಬಲ್ಲ ಕೆಲಸಗಾರನಿಗೆ ಒಪ್ಪಿಸಬೇಕು.

ಯಾವ ಬಗೆಯೆಂದು ನಿರ್ಧರಿಸಲಾರದವರು ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬಹುದು. ತಣಿದ ಒಲೆಯ ಮೇಲೆ ಸಮತಳದ ಪಾತ್ರೆಯಲ್ಲಿ ಎರಡು ಲೀಟರು ನೀರನ್ನಿಟ್ಟು ನಡುಬಲದಲ್ಲಿ ಅರ್ಧ ಗಂಟೆ ಕಾಯಿಸಿರಿ. ಆವಿಯಾದಷ್ಟು ನೀರನ್ನು ಮತ್ತೆ ಸೇರಿಸುತ್ತಿರಿ. ನೀರು ಎಷ್ಟು ಕುದಿದರೂ 100 ಡಿಗ್ರಿಯನ್ನು ಮೀರದಾದ್ದರಿಂದ ಪಾತ್ರೆಯ ತಳವು ಮಿತಿಮೀರಿ ಕಾಯಲಾರದು. ಎಚ್ಚರಿಕೆಯು ಬಾರದೆ ಹೋದರೆ ಒಲೆಯು ನಿರ್ದೋಷಿಯು. ಪಾತ್ರೆಯನ್ನೂ ನಮ್ಮ ರೂಢಿಯನ್ನೂ ತಿದ್ದಿಕೊಳ್ಳಬೇಕು. ನೀರು ಕುದಿಯುತ್ತಿರುವಾಗಲೇ ಎಚ್ಚರಿಕೆಯು ಬಂದರೆ ಗಾಳಿಯ ದಾರಿಯನ್ನೂ ಫ್ಯಾನನ್ನೂ ಪರೀಕ್ಷಿಸಬೇಕು. ಹಚ್ಚುತ್ತಲೇ ಬಂದರೆ ಒಳಗಣ ದೋಷವೆಂದು ತಿಳಿಯಬೇಕು.

ಬೆರಳಿನ ಸ್ಪರ್ಶದಿಂದ ನಡೆಯುವ ಒಲೆಗಳಲ್ಲಿ ಮತ್ತೊಂದು ತೊಡಕುಂಟು. ಗಾಜಿನ ಕೆಳಗಿರುವ ಲೋಹದ ತೆಳುಫಲಕಗಳು ನಮ್ಮ ದೇಹವು ಸಮೀಪಿಸಿದಾಗ ಉಂಟಾಗುವ ಅತಿಸೂಕ್ಷ್ಮವಾದ ವಿದ್ಯುತ್ತಿನ ವ್ಯತ್ಯಾಸವನ್ನು ಅರಿಯುವುವು. ಉಕ್ಕಿದ ಹಾಲು, ಚೆಲ್ಲಿದ ಸಾರು, ಒದ್ದೆಯ ಬಟ್ಟೆ ಇವು ಬಿದ್ದರೂ ಅವು ಬೆರಳೆಂದೇ ಭ್ರಮಿಸುವುವು. ಆಗಲೂ ಒಲೆಯು ಕೂಗಿ ನಿಲ್ಲಬಹುದು. ಅದು ಬಿಸಿಯ ದೂರಲ್ಲ, ಒರೆಸಿ ಒಣಗಿಸಿದರೆ ಸರಿಹೋಗುವುದು. ದೊಡ್ಡ ಪಾತ್ರೆಯ ಅಂಚು ಈ ಫಲಕಗಳ ಮೇಲೆ ಚಾಚಿಕೊಂಡು ಅವುಗಳನ್ನು ಕಾಯಿಸದಂತೆಯೂ ನೋಡಿಕೊಳ್ಳಬೇಕು.

ಪ್ಲಗ್ಗನ್ನೂ ಮರೆಯಬಾರದು. 2000 ವಾಟಿನ ಒಲೆಯು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ತನ್ನು ಎಳೆಯುವುದು. 6 ಆಂಪಿಯರಿನ ಚಿಕ್ಕ ಸಾಕೆಟ್ಟು ಇದನ್ನು ತಾಳಲಾರದು. 16 ಆಂಪಿಯರಿನದೇ ಬೇಕು. ಅಡಿಗೆಯಾದ ಮೇಲೆ ಸ್ವಿಚ್ಚನ್ನು ಆರಿಸಿ ಮುಟ್ಟಿ ನೋಡಿದಾಗ ಪ್ಲಗ್ಗು ಸುಡುವಂತಿದ್ದರೆ ಅಲ್ಲಿ ಸಡಿಲವಿದೆಯೆಂದು ತಿಳಿಯತಕ್ಕದ್ದು. ಒಲೆಯೊಳಗಣ ಕಾವಲುಗಾರರಿಗೆ ಆ ಬಿಸಿಯು ಕಾಣದು. ಅದನ್ನು ಕಾಣಬೇಕಾದವರು ನಾವೇ.

ಇಷ್ಟೆಲ್ಲ ಹೇಳಿ, ಮಾಡಬಾರದ ಎರಡು ಸಂಗತಿಗಳನ್ನು ಒತ್ತಿ ಹೇಳದಿದ್ದರೆ ನಮ್ಮ ಲೇಖನವು ಅಪೂರ್ಣವಾಗುವುದು. ಒಂದನೆಯದಾಗಿ, ವಿದ್ಯೆಯಿಲ್ಲದೆ ಒಲೆಯನ್ನು ಬಿಚ್ಚಬಾರದು. ಪ್ಲಗ್ಗನ್ನು ತೆಗೆದ ಮೇಲೂ ಒಳಗೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕಿದ ಒತ್ತಡವು ಉಳಿದಿರಬಹುದು. ಅದು ಜೀವಕ್ಕೆ ಅಪಾಯಕರವು. ಎರಡನೆಯದಾಗಿ, ಕೂಗುವ ಥರ್ಮಿಸ್ಟರನ್ನು ತೆಗೆದುಹಾಕಿ ಅದರ ಸ್ಥಳದಲ್ಲಿ ಎಂದಿಗೂ ಬದಲಾಗದ ಒಂದು ತಡೆಯನ್ನು ಬೆಸೆದು "ಇನ್ನು ನಿಮಗೆ ತೊಂದರೆಯಿಲ್ಲ" ಎಂದು ಯಾರಾದರೂ ಹೇಳಿದರೆ, ಖರ್ಚು ಕಡಮೆಯೆಂದು ಒಪ್ಪಿಕೊಳ್ಳಬಾರದು. ಕೂಗೇನೋ ನಿಲ್ಲುವುದು, ಆದರೆ ಬಿಸಿಯು ನಿಲ್ಲುವುದಿಲ್ಲ. ಬೆಂಕಿಯೇ ಇಲ್ಲದ ಒಲೆಯೆಂದು ನಂಬಿ ಎಣ್ಣೆಯ ಬಾಣಲೆಯನ್ನಿಟ್ಟು, ಅಳುವ ಕೂಸನ್ನು ಎತ್ತಿಕೊಳ್ಳಲು ತಾಯಿಯು ಒಳಕ್ಕೆ ಹೋದಳೆನ್ನಿರಿ. ಎಣ್ಣೆಯು ಮೊದಲು ಹೊಗೆಯಾಡಿ ಕಡೆಗೆ ತಾನಾಗಿಯೇ ಹತ್ತಿ ಉರಿಯುವ ತನಕ ಆ ಒಲೆಯು ಅದನ್ನು ಕಾಯಿಸುತ್ತಲೇ ಇರುವುದು. ಕಾವಲುಗಾರನ ಬಾಯನ್ನು ಕಟ್ಟಿದ ಮನೆಗೆ ಕಳ್ಳನು ಬಂದಾಗ ಯಾರು ಕೂಗುವರು?

ದುರಸ್ತಿಗೆ ಕೊಡುವುದೇ ಆದರೆ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿರಿ: ಕಂಡ ಅಕ್ಷರವೂ ಅಂಕಿಯೂ ಯಾವುವು, ಹಚ್ಚಿದ ಎಷ್ಟು ನಿಮಿಷಕ್ಕೆ ಬಂದುವು, ಯಾವ ಪಾತ್ರೆಯಲ್ಲಿ ಏನಿತ್ತು, ನೀರಿನ ಪರೀಕ್ಷೆಯಲ್ಲಿ ಏನಾಯಿತು. ಹೀಗೆ ಬರೆದುಕೊಟ್ಟವಳಿಗೆ ಬೇಡದ ಬಿಡಿಭಾಗಗಳನ್ನು ಮಾರುವುದು ಅಷ್ಟು ಸುಲಭವಲ್ಲ. "ನೀನೇ ಕೆಡಿಸಿದೆ" ಎಂದು ಗದರಿಸುವುದೂ ಸುಲಭವಲ್ಲ.

ಫ್ಯಾರಡೇ ಮಹಾಶಯನು ಕ್ರಿಸ್‌ಮಸ್ ಕಾಲದಲ್ಲಿ ಎಳೆಯರಿಗೆ ಉಪನ್ಯಾಸಗಳನ್ನು ಕೊಡುತ್ತಿದ್ದಾಗ ಒಂದು ಮೇಣದ ಬತ್ತಿಯನ್ನೇ ವಸ್ತುವಾಗಿ ಇಟ್ಟುಕೊಂಡು ಪ್ರಕೃತಿಯ ಎಷ್ಟೋ ನಿಯಮಗಳನ್ನು ತೋರಿಸಿಕೊಟ್ಟನು. ಬತ್ತಿಯಲ್ಲಿ ಅಷ್ಟು ವಿದ್ಯೆ ಇರುವುದಾದರೆ ಒಲೆಯಲ್ಲಿ ಇರದೇ? ಪ್ರಯೋಗಶಾಲೆಯ ಪಾಠವು ಬೇರೆ, ಅಡಿಗೆಯ ಮನೆಯ ಕೆಲಸವು ಬೇರೆ ಎಂದು ನಮ್ಮ ಹುಡುಗಿಯರು ಭಾವಿಸಕೂಡದು. ಬೇಥಾನ್ಯದ ಮಾರ್ಥಳ ಗಡಿಬಿಡಿಯೂ ಮರಿಯಳ ಏಕಾಗ್ರವಾದ ಕಿವಿಯೂ ಒಬ್ಬಳಲ್ಲಿಯೇ ಸೇರಬಹುದು. ಕೈಗೆಲಸವನ್ನು ಬಿಡದೆ ಕಿವಿಗೊಟ್ಟು ಕೇಳುವವಳಿಗೆ ಒಂದು ಗಾಜಿನ ಒಲೆಯ ಕೂಗೂ ಅರ್ಥವಾಗುವುದು. ಅವಳು ಅದನ್ನು ಅಡಗಿಸುವ ಮೊದಲು ಅದರ ಕಾರಣವನ್ನು ವಿಚಾರಿಸುವಳು. ಅಂಥವಳು ಇರುವ ಮನೆಯು ದೇವರ ಕೃಪೆಯಿಂದ ಕ್ಷೇಮವಾಗಿರಲಿ.